ಸೋಫಾದ ಹೊಟ್ಟೆಯೊಳಗೆ

"ಅದನ್ನ ಗುಜರಿಗೆ ಹಾಕಿ, ಇಲ್ಲಾ ರಿಪೇರಿ ಮಾಡಿಸಿ, ಇಲ್ಲಾ ಹೊಸದು ತನ್ನಿ. ಮೂರರಲ್ಲಿ ಒಂದು ಮಾಡ್ರೀ" ಅಂತ ನನ್ನ ಹೆಂಡತಿ ಹೇಳಿ ಮೂರು ತಿಂಗಳಾಯ್ತು.

"ಅದು" ಅಂದರೆ ಅಪ್ಪನ ಲೆದರ್ ಸೋಫಾ. ಅಪ್ಪ ಸಕಲೇಶಪುರದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದರು. 1960ರ ದಶಕದ ಕೊನೆಯಲ್ಲಿ ಇಂಗ್ಲಿಷ್ ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ ಬಂಗಲೆಯ ಸಾಮಾನನ್ನೂ ಮಾರಿದ. ಬೀಟೆಯ ಬೀರು, ಡೈನಿಂಗ್ ಟೇಬಲ್ಲು ಎಲ್ಲ ದೊಡ್ಡವರ ಪಾಲಾಯ್ತು. ಆಗಲೇ ಹಳೆಯದಾಗಿದ್ದ ಈ ಸೋಫಾ ಮಾತ್ರ ಯಾರಿಗೂ ಬೇಡವಾಗಿ ನಮ್ಮ ಕ್ವಾರ್ಟರ್ಸಿಗೆ ಬಂತು. ಅಲ್ಲಿಂದ ಹಾಸನಕ್ಕೆ, ಅಪ್ಪ ಹೋದ ಮೇಲೆ ಬೆಂಗಳೂರಿಗೆ. ಈಗ ಸೀಟು ಮಧ್ಯದಲ್ಲಿ ತೊಟ್ಟಿಲಿನ ಹಾಗೆ ಇಳಿದಿದೆ. ಮುಂದಿನ ಅಂಚಿನ ಚರ್ಮ ಬಿರಿದಿದೆ. ಎಡಗಡೆ ಕೂತರೆ ಒಂದು ಸ್ಪ್ರಿಂಗು ಚುಚ್ಚುತ್ತದೆ (ಬಂದ ನೆಂಟರನ್ನು ಅಲ್ಲೇ ಕೂರಿಸಿದ್ದೂ ಉಂಟು!).

ಇಬ್ಬರು ರಿಪೇರಿಯವರು ಬಂದು ನೋಡಿದರು. ಮೊದಲನೆಯವರು "ಬಿಸಾಕಿ ಸಾರ್" ಅಂದರು. ಎರಡನೆಯವರು ಮೇಲಿಂದ ಫೋಮು, ರೆಕ್ಸಿನ್ ಹೊಡೆದುಕೊಡ್ತೀನಿ ಅಂದರು. ಒಳಗೇನಿದೆ ಅಂತ ಇಬ್ಬರೂ ನೋಡಲಿಲ್ಲ. ಅಷ್ಟು ಹೊತ್ತಿಗೆ ನನಗೂ ಹಠ ಬಂದಿತ್ತು. ಇದನ್ನ ಮಾಡಿದವರು ಹೇಗೆ ಮಾಡಿದರು ಅಂತ ತಿಳಿಯದೆ ಉಳಿಸೋದೋ ಎಸೆಯೋದೋ ಅಂತ ಹೇಗೆ ನಿರ್ಧಾರ ಮಾಡೋದು? ಓದುತ್ತಾ ಹೋದೆ...

ಮೊದಲು ಹೆಸರು. ಸೋಫಾ ಅನ್ನೋದು ಅರಬ್ಬಿಯ "ಸುಫ್ಫಾ"ದಿಂದ ಬಂದದ್ದು, ಅಂದರೆ ಜಗುಲಿ, ಕಟ್ಟೆ. ಅದರ ಅಣ್ಣ ದಿವಾನ. ಪರ್ಷಿಯನ್ನಿನಲ್ಲಿ ದಿವಾನ ಅಂದರೆ ಲೆಕ್ಕದ ಪುಸ್ತಕ, ಆಮೇಲೆ ಲೆಕ್ಕ ನೋಡುವ ಕಚೇರಿ, ಆಮೇಲೆ ಆ ಕಚೇರಿಯ ಗೋಡೆಗುಂಟ ಹಾಸಿದ ಮೆತ್ತೆ. ಹೀಗಾಗಿ ಮೈಸೂರಿನ ದಿವಾನರೂ ನಮ್ಮ ಮನೆಯ ದಿವಾನ್ ಕಾಟೂ ಒಂದೇ ಮನೆತನದವರು.

ಯುರೋಪಿನ ಹಳೆಯ ಸೋಫಾದಲ್ಲಿ ಸ್ಪ್ರಿಂಗ್ ಇರಲಿಲ್ಲ. ಮರದ ಚೌಕಟ್ಟು, ಅದಕ್ಕೆ ನಮ್ಮ ನವಾರು ಮಂಚದ ಹಾಗೆ ಹೆಣೆದ ಪಟ್ಟಿ, ಅದರ ಮೇಲೆ ಕುದುರೆ ಕೂದಲು, ಮೇಲೆ ಬಟ್ಟೆ ಅಥವಾ ಚರ್ಮ. ಸ್ಪ್ರಿಂಗು ಇದ್ದದ್ದು ಕುದುರೆ ಗಾಡಿಯಲ್ಲಿ. ಅದನ್ನು ಕೂರುವ ಸೀಟಿನೊಳಗೆ ತರಲು 1822ರಲ್ಲಿ ವಿಯೆನ್ನಾದ ಗೇಯೋರ್ಗ್ ಯುನಿಗ್ಲ್, 1828ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಪ್ರಾಟ್ ಪೇಟೆಂಟ್ ಪಡೆದರು. ಡಮರುಗದ ಆಕಾರದ ತಂತಿ ಸುರುಳಿಗಳನ್ನು ಪಟ್ಟಿಯ ಮೇಲೆ ನಿಲ್ಲಿಸಿ, ಅಲುಗಾಡದ ಹಾಗೆ ಹುರಿಯಿಂದ ಒಂದಕ್ಕೊಂದು ಕಟ್ಟುವುದು. ಒಳ್ಳೆಯ ಕೆಲಸಗಾರ ಒಂದೊಂದು ಸ್ಪ್ರಿಂಗನ್ನೂ ಎಂಟು ದಿಕ್ಕಿಗೆ ಕಟ್ಟುತ್ತಿದ್ದ.

ಇಲ್ಲಿ ಗಮನಿಸಬೇಕಾದ ಒಂದು ವಿಷಯ ಇದೆ. ಈ ಪದರಗಳೆಲ್ಲ ಒಂದೇ ಸಲ ಸವೆಯೋದಿಲ್ಲ. ಪಟ್ಟಿ ಮೊದಲು ಜೋಲುತ್ತದೆ, ಹುರಿ ಕಡಿಯುತ್ತದೆ, ಆಮೇಲೆ ಚರ್ಮ ಬಿರಿಯುತ್ತದೆ. ಸ್ಪ್ರಿಂಗು ತುಕ್ಕು ಹಿಡಿಯದಿದ್ದರೆ ಅದೇ ಮತ್ತೆ ಸಾಕು. ಮರಕ್ಕಂತೂ ಗೆದ್ದಲು ಹಿಡಿಯದಿದ್ದರೆ ಸಾವಿಲ್ಲ. ಅದಕ್ಕೇ ಎಲ್ಲವನ್ನೂ ಮೊಳೆ, ಹುರಿಗಳಿಂದಲೇ ಕೂರಿಸುತ್ತಿದ್ದರು. ಮೊಳೆ ಕಿತ್ತರೆ ಬಿಚ್ಚಬಹುದು. ಚರ್ಮ ಅಂದರೆ ಸೋಫಾದ ಅಂಗಿ, ಮೈಯಲ್ಲ. ಅಂಗಿ ಹರಿದರೆ ಮನುಷ್ಯನನ್ನೇ ಎಸೆಯುತ್ತೀವಾ?

ಇನ್ನು ಚರ್ಮದ ಕಥೆ. ಹಳೆಯ ಹದ ಅಂದರೆ ತೊಗಟೆಯ ಹದ. ನಮ್ಮ ಬಯಲುಸೀಮೆಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ (ಆವರಿಕೆ ಅಂತಾರಲ್ಲ, ಅದೇ) ಇದೆಯಲ್ಲ, ದಕ್ಷಿಣ ಭಾರತದ ಚರ್ಮಕ್ಕೆ ಅದರ ತೊಗಟೆ ಮತ್ತು ಅಳಲೆಕಾಯಿಯೇ ಜೀವ. ಹದ ಮಾಡಲು ವಾರಗಟ್ಟಲೆ, ದಪ್ಪ ಚರ್ಮವಾದರೆ ತಿಂಗಳುಗಟ್ಟಲೆ ಬೇಕು. 1884ರಲ್ಲಿ ನ್ಯೂಯಾರ್ಕಿನ ಆಗಸ್ಟಸ್ ಶುಲ್ಟ್ಸ್ ಕ್ರೋಮಿಯಂ ಲವಣದಿಂದ ಹದ ಮಾಡುವುದಕ್ಕೆ ಪೇಟೆಂಟ್ ಪಡೆದ. ತಿಂಗಳ ಕೆಲಸ ದಿನಗಳಿಗೆ ಇಳಿಯಿತು. ಇದನ್ನು ಮದರಾಸಿಗೆ ತಂದವರಲ್ಲಿ ಮುಖ್ಯರು ಆಲ್‌ಫ್ರೆಡ್ ಚಾಟರ್‌ಟನ್. ಮುಂದೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದವರೂ ಇವರೇ.

ತೊಗಟೆಯ ಹದದ ಚರ್ಮಕ್ಕೆ ಒಂದು ರೋಗ ಉಂಟು. ಗಾಳಿಯಲ್ಲಿನ ಗಂಧಕದ ಹೊಗೆ ಹೀರಿ ವರ್ಷಗಳ ನಂತರ ಕೆಂಪು ಪುಡಿಯಾಗಿ ಉದುರುತ್ತದೆ. ಗ್ಯಾಸ್ ದೀಪದ ಕಾಲದಲ್ಲಿ ಲಂಡನ್ನಿನ ಲೈಬ್ರರಿಗಳ ಪುಸ್ತಕಗಳ ಬೈಂಡು ಹೀಗೆ ಉದುರಲು ಶುರುವಾಗಿ, ಅಲ್ಲಿನ ಸೊಸೈಟಿ ಆಫ್ ಆರ್ಟ್ಸ್ ಒಂದು ಸಮಿತಿ ಮಾಡಿತು. 1901ರಲ್ಲಿ ವರದಿ ಬಂತು. ಚರ್ಮ ಉಜ್ಜಿದಾಗ ಬೆರಳಿಗೆ ಕೆಂಪು ಪುಡಿ ಹತ್ತಿದರೆ ಆ ಚರ್ಮದ ಕಥೆ ಮುಗಿಯಿತು, ಹೊಲಿಗೆಯೂ ನಿಲ್ಲದು, ಎಣ್ಣೆಯಿಂದಲೂ ಉಪಯೋಗವಿಲ್ಲ. ನಾನೂ ಉಜ್ಜಿ ನೋಡಿದೆ. ಬರೀ ಧೂಳು. ಬದುಕಿದೆ!

ಇನ್ನೊಂದು ತಿರುವು ಇಪ್ಪತ್ತನೆಯ ಶತಮಾನದ್ದು. ಮ್ಯಾಂಚೆಸ್ಟರ್ ಹತ್ತಿರದ ಹೈಡ್ ಎಂಬ ಊರಲ್ಲಿ ಬಟ್ಟೆಗೆ ಸೆಲ್ಯುಲೋಸ್ ನೈಟ್ರೇಟ್ ಬಳಿದು, ಚರ್ಮದ ಗೆರೆ ಒತ್ತಿ ಮಾರಿದರು. ಅದರ ಬ್ರಾಂಡಿನ ಹೆಸರೇ ರೆಕ್ಸಿನ್. ಇವತ್ತು ನಮ್ಮಲ್ಲಿ ಆಟೋ ಸೀಟಿಗೂ ಬ್ಯಾಗಿಗೂ ಹಾಕುವುದು ಪಿವಿಸಿ, ಆದರೂ ಬಾಯಲ್ಲಿ ರೆಕ್ಸಿನ್ನೇ. 1929ರಲ್ಲಿ ಡನ್‌ಲಪ್‌ನವರು ರಬ್ಬರ್ ಹಾಲಿನಿಂದ ಫೋಮ್ ಮಾಡಿದರು. 1937ರಲ್ಲಿ ಜರ್ಮನಿಯ ಒಟ್ಟೊ ಬಾಯರ್ ಪಾಲಿಯುರಿಥೇನ್ ಕಂಡುಹಿಡಿದರು. ಆಮೇಲೆ ಕೂದಲು, ನಾರು, ಹುರಿ ಕಟ್ಟುವ ಕೈ ಯಾವುದೂ ಬೇಡವಾಯ್ತು. ಫೋಮು ಕತ್ತರಿಸು, ಅಂಟು ಹಚ್ಚು, ಸ್ಟೇಪಲ್ ಹೊಡೆ. ಇದನ್ನ ಬೈಯೋಕೆ ನಾನು ತಯಾರಿಲ್ಲ, ನಮ್ಮಂಥವರ ಮನೆಗೆ ಸೋಫಾ ಬಂದಿದ್ದೇ ಇದರಿಂದ. ಆದರೆ ಅಂಟಿಸಿದ್ದನ್ನು ಬಿಚ್ಚಲು ಬರುವುದಿಲ್ಲ. ಈಗ ಲೆದರ್ ಅಂತಲೇ ಮಾರುವ ಎಷ್ಟೋ ಸೋಫಾಗಳ ಮೇಲಿರೋದು ಬಟ್ಟೆಗೆ ಬಳಿದ ಪಾಲಿಯುರಿಥೇನ್ ಪದರ. ಗಾಳಿಯ ತೇವಕ್ಕೆ ಅದು ಒಳಗೊಳಗೇ ಒಡೆದು, ಬಿಸಿಲಲ್ಲಿ ಸುಟ್ಟ ಮೈಯ ಸಿಪ್ಪೆಯ ಹಾಗೆ ಏಳುತ್ತದೆ. ಅದನ್ನು ರಿಪೇರಿ ಮಾಡಲಾಗದು, ಬದಲಿಸಬೇಕು ಅಷ್ಟೆ.

ಹಾಗಾದರೆ ಹೊಸದನ್ನೇ ತರೋಣವೇ? ಇದಕ್ಕೆ ಫ್ರಾನ್ಸಿನ ದೆನಿ ದಿದರೋ 1769ರ ಹೊತ್ತಿಗೇ ಎಚ್ಚರಿಕೆ ಕೊಟ್ಟಿದ್ದಾನೆ. ಅವನಿಗೆ ಹೊಸದೊಂದು ನಿಲುವಂಗಿ ಸಿಕ್ಕಿತು. ಅದರ ಮುಂದೆ ಹಳೆಯ ಹುಲ್ಲಿನ ಕುರ್ಚಿ ಕಳಪೆಯಾಗಿ ಕಂಡು ಮೊರಾಕೊ ಚರ್ಮದ ಕುರ್ಚಿ ಬಂತು. ಆಮೇಲೆ ಮೇಜು, ಚಿತ್ರಗಳು, ಕೊನೆಗೆ ಇಡೀ ಕೋಣೆಯೇ ಬದಲಾಯ್ತು. ಹಳೆಯ ಅಂಗಿಗೆ ತಾನು ಯಜಮಾನನಾಗಿದ್ದೆ, ಹೊಸದಕ್ಕೆ ಗುಲಾಮನಾದೆ ಅಂತ ಆತ ಹಲುಬಿದ. ಹೆಂಡತಿಗೆ ಈ ಕಥೆ ಹೇಳಿದೆ. "ಕರ್ಟನ್ನೂ ಬದಲಾಯಿಸಬೇಕು ಅಂತ ನಾನೂ ಅಂದ್ಕೊಂಡಿದ್ದೆ" ಅಂದಳು.

ಮೂರನೆಯ ರಿಪೇರಿಯವರು ಬಂದರು. ವಯಸ್ಸಾದವರು. ಏನೂ ಮಾತಾಡದೆ ಸೋಫಾವನ್ನು ಮಗುಚಿ ಹಾಕಿ ಅಡಿಯ ಬಟ್ಟೆ ಕಿತ್ತರು. ಸೆಣಬಿನ ಪಟ್ಟಿ ಕೊಳೆತು ಜೋತಾಡುತ್ತಿತ್ತು. ಸ್ಪ್ರಿಂಗುಗಳು ಗಟ್ಟಿಯಾಗಿದ್ದವು, ಕಡಿದದ್ದು ಹುರಿ ಮಾತ್ರ. ಚೌಕಟ್ಟು ತೇಗ. ಒಳಗೆ ಕುದುರೆ ಕೂದಲ ಮೇಲೆ ತೆಂಗಿನ ನಾರು. ಮರದ ಅಂಚಿನಲ್ಲಿ ಹಳೆಯ ಮೊಳೆಗಳ ತೂತು ಎರಡು ಸಾಲು. "ನೋಡಿ ಸಾರ್, ಒಂದ್ಸಲ ಬಿಚ್ಚಿ ಹಾಕಿದಾರೆ. ಬಿಚ್ಚೋಕೆ ಅಂತಾನೇ ಮಾಡಿರೋದು ಇದು" ಅಂದರು. ಬೆನ್ನಿನ ಹಿಂಭಾಗ ಚರ್ಮವೇ ಅಲ್ಲ, ರೆಕ್ಸಿನ್. ಮೈ ತಾಕುವ ಕಡೆ ಮಾತ್ರ ಚರ್ಮ. ದೊರೆಯೂ ಉಳಿತಾಯ ಮಾಡಿದ್ದ!

ಆಮೇಲೆ ಅವರು ಎಡತೋಳಿನ ಮೇಲೆ ಕೈ ಆಡಿಸಿ ನಿಂತರು. ಅಲ್ಲಿ ಅಂಗೈ ಅಗಲದ ಒಂದು ತೇಪೆ ಇದೆ. "ಈ ಹೊಲಿಗೆ ಯಾರು ಹಾಕಿದ್ದು?"

ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನೆನಪು ಮಾಡಿಕೊಳ್ಳದೇ ಇದ್ದೆ.

ಎಪ್ಪತ್ತರ ದಶಕದ ಒಂದು ಬೇಸಿಗೆ. ಮಳೆಗಾಲದ ಬೂಷ್ಟು ಹಿಡಿದು ಹಿಡಿದು ತೋಳಿನ ಚರ್ಮ ಹರಿದಿತ್ತು. ಸಂತೆಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಒಬ್ಬರನ್ನು ಅಪ್ಪ ಕರೆತಂದರು. ಅಜ್ಜಿ ಅವರನ್ನು ಒಳಗೆ ಬಿಡಲಿಲ್ಲ. ನಾಲ್ಕು ಜನ ಸೇರಿ ಸೋಫಾವನ್ನೇ ಅಂಗಳಕ್ಕೆ ಹೊತ್ತರು. ಬಿಸಿಲಲ್ಲಿ ಕೂತು ಅವರು ಮೇಣ ಸವರಿದ ದಾರದಲ್ಲಿ ಹೊಲಿದರು. ನೀರು ಕೇಳಿದಾಗ ಅಜ್ಜಿ ಮೇಲಿಂದ ಬೊಗಸೆಗೆ ಹೊಯ್ದರು. ಸಂಜೆ ಸೋಫಾ ಒಳಗೆ ಬಂತು. ಅವರು ಅಂಗಳದಿಂದಲೇ ಹೊರಟರು. ಚರ್ಮ ಒಳಗೆ, ಚರ್ಮ ಹೊಲಿದವರು ಹೊರಗೆ.

ಇದೇ ಅಜ್ಜಿ ರಾತ್ರಿ ನಮಗೆ ಹರಳಯ್ಯನ ಕಥೆ ಹೇಳುತ್ತಿದ್ದರು. ಬಸವಣ್ಣನವರಿಗಾಗಿ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಮೆಟ್ಟು ಹೊಲಿದ ಕಥೆ. ಹೇಳುವಾಗ ಪ್ರತಿಸಲ ಕಣ್ಣು ಒರೆಸಿಕೊಳ್ಳುತ್ತಿದ್ದರು. ಆ ಕಣ್ಣೀರು ಸುಳ್ಳಲ್ಲ. ಅಂಗಳದ ಬೊಗಸೆ ನೀರೂ ಸುಳ್ಳಲ್ಲ. ಎರಡನ್ನೂ ಕಂಡ ನಾನು ಆವತ್ತು ಏನೂ ಕೇಳಲಿಲ್ಲ. ಚಿಕ್ಕವನಿದ್ದೆ ಅಂತ ಈಗ ಹೇಳಿಕೊಳ್ಳಬಹುದು, ಆದರೆ ದೊಡ್ಡವನಾದ ಮೇಲೂ ಅವರ ಹೆಸರು ಏನೆಂದು ಅಪ್ಪನನ್ನು ಕೇಳಿರಲಿಲ್ಲ. ಇನ್ನು ಕೇಳಲು ಅಪ್ಪನೂ ಇಲ್ಲ.

ಇಷ್ಟನ್ನೂ ರಿಪೇರಿಯವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಹೊಲಿಗೆಯೂ ಬಿಟ್ಟಿಲ್ಲ ಸಾರ್" ಅಂದರು.

ಆಮೇಲೆ ನಿರ್ಧಾರ ಕಷ್ಟವಾಗಲಿಲ್ಲ. ಪಟ್ಟಿ ಹೊಸದು, ಹುರಿ ಹೊಸದು, ಸ್ಪ್ರಿಂಗು ಅವೇ. ಕೂದಲನ್ನು ಕೊಡವಿ, ಒಣಗಿಸಿ ಮತ್ತೆ ತುಂಬುವುದು. ಇಡೀ ಸೋಫಾಕ್ಕೆ ಹೊಸ ಚರ್ಮ ಅಂದರೆ ನಾಲ್ಕೈದು ದನದ ಚರ್ಮ ಬೇಕು, ನಮ್ಮ ಕೈಗೆಟುಕುವುದಲ್ಲ. ಹಾಗಾಗಿ ಸೀಟಿಗೆ ಮಾತ್ರ ಹೊಸ ಚರ್ಮ. ಬಣ್ಣ ಒಂದೇ ಆಗೋದಿಲ್ಲ ಅಂತ ಮೊದಲೇ ಹೇಳಿದರು, ಪರವಾಗಿಲ್ಲ ಅಂದೆವು. ಎಡತೋಳನ್ನು ಮುಟ್ಟುವುದಿಲ್ಲ.

ಒಂಬತ್ತು ದಿನ ಹಾಲ್‌ನಲ್ಲೇ ಕೂತು ಕೆಲಸ ಮಾಡಿದರು. ನಮ್ಮ ಲೋಟದಲ್ಲೇ ಕಾಫಿ. ಮುಗಿದ ದಿನ "ಕೂತು ನೋಡಿ ಸಾರ್" ಅಂದರು. "ಇಲ್ಲ, ಮೊದಲು ನೀವು ಕೂತ್ಕೊಳ್ಳಿ" ಅಂದೆ. ಸಂಕೋಚದಿಂದ ಅಂಚಿನಲ್ಲಿ ಕೂತು, ಆಮೇಲೆ ಹಿಂದಕ್ಕೆ ಒರಗಿ, ಎಡತೋಳಿನ ತೇಪೆಯ ಮೇಲೆ ಕೈ ಇಟ್ಟರು. ಅಂಗಳದಲ್ಲಿ ನಡೆದದ್ದು ಇದರಿಂದ ಸರಿಹೋಗುವುದಿಲ್ಲ, ಗೊತ್ತು.

ನಿಮ್ಮ ಮನೆಯಲ್ಲೂ ಹೀಗೆ ಎಸೆಯಲೂ ಆಗದ, ಇಟ್ಟುಕೊಳ್ಳಲೂ ಆಗದ ಒಂದು ಹಳೆಯ ಸಾಮಾನು ಇರಬಹುದು. ಗುಜರಿಯವನನ್ನು ಕರೆಯುವ ಮುಂಚೆ ಒಮ್ಮೆ ಮಗುಚಿ ಹಾಕಿ ನೋಡಿ. ಹಾಗೇ, ಅದನ್ನು ಮಾಡಿದವರ ಹೆಸರು ಬಲ್ಲವರು ಮನೆಯಲ್ಲಿ ಇನ್ನೂ ಇದ್ದರೆ, ಇವತ್ತೇ ಕೇಳಿಬಿಡಿ.