ಕೊಕ್ಕರೆ ಬೆಳ್ಳೂರು: ನಿರ್ಮಾಣ ಕಾಮಗಾರಿ ಮತ್ತು ಪಕ್ಷಿ ಸಂರಕ್ಷಣೆ

ಕೊಕ್ಕರೆ ಬೆಳ್ಳೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಯ ಸಮೀಪದಲ್ಲಿರುವ ಪಕ್ಷಿಗ್ರಾಮ. ಇದು 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು.

ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಇಲ್ಲಿ ಗೂಡು ಕಟ್ಟುವುದು ಕಾಡಿನಲ್ಲಲ್ಲ. ಮನೆಗಳ ನಡುವಿನ ಹುಣಸೆ, ಆಲ, ಅರಳಿ ಮರಗಳಲ್ಲಿ. ಮೇವಿಗೆ ಅವು ಸುತ್ತಲಿನ ಕೆರೆ, ಹೊಳೆಗಳನ್ನು ಅವಲಂಬಿಸಿವೆ. ಗೂಡುಗಳು ಮನೆಗಳ ನಡುವೆಯೇ ಇರುವುದರಿಂದ ಹಿತ್ತಲಿನ ಒಂದು ಹುಣಸೆಮರ ಉರುಳಿದರೂ ಹಲವು ಗೂಡುಗಳ ನೆಲೆ ತಪ್ಪುತ್ತದೆ. ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿಗಳನ್ನು ಆವರಣದಲ್ಲಿಟ್ಟು, ಮೀನು ತಿನ್ನಿಸಿ ಸಾಕುವ ಕೆಲಸವೂ ಊರಿನಲ್ಲಿ ನಡೆದುಬಂದಿದೆ.

ಇಂತಹ ನೆಲೆಗಳ ಬಳಿ ಮನೆ, ರಸ್ತೆ, ವಿದ್ಯುತ್ ಮಾರ್ಗ ನಿರ್ಮಿಸುವಾಗ ಸಂತಾನ ಋತುವನ್ನು ಬಿಟ್ಟು ಕೆಲಸ ಮಾಡುವುದು, ಗೂಡುಮರಗಳನ್ನು ಮೊದಲೇ ಗುರುತಿಸಿ ಉಳಿಸುವುದು, ಮಣ್ಣು, ಸಿಮೆಂಟು ನೀರಿಗೆ ಹರಿಯದಂತೆ ತಡೆಯುವುದು, ರಾತ್ರಿಯ ಪ್ರಖರ ದೀಪ ಮತ್ತು ಯಂತ್ರಗಳ ಸದ್ದನ್ನು ತಗ್ಗಿಸುವುದು ಮುಖ್ಯ ಕ್ರಮಗಳು.

2017ರ ಜೌಗುಪ್ರದೇಶ ನಿಯಮಗಳು, ಅವುಗಳ ವ್ಯಾಪ್ತಿಗೆ ಬರುವ ಜೌಗುಪ್ರದೇಶಗಳಲ್ಲಿ, ಹಿಂದಿನ 10 ವರ್ಷಗಳ ಸರಾಸರಿ ಗರಿಷ್ಠ ನೆರೆಮಟ್ಟದಿಂದ 50 ಮೀಟರ್ ಒಳಗೆ, ದೋಣಿಕಟ್ಟೆ ಹೊರತು, ಶಾಶ್ವತ ಕಟ್ಟಡಗಳನ್ನು ನಿಷೇಧಿಸುತ್ತವೆ. ಇದೇ ಜಿಲ್ಲೆಯ ರಂಗನತಿಟ್ಟು ಪಕ್ಷಿಧಾಮ 2022ರಲ್ಲಿ, ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು.