ಹಳೆಯ ಕಾಗದದಲ್ಲಿ ಉಳಿದ ಹಕ್ಕು

ಕುರ್‌ಆನಿನ ಪ್ರತಿ ಹಳತಾಗಿ ಹಾಳೆಗಳು ಉದುರತೊಡಗಿದರೆ ನಮ್ಮಲ್ಲಿ ಯಾರೂ ಅದನ್ನು ಕಸಕ್ಕೆ ಹಾಕುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ಮಸೀದಿಗೆ ತಂದುಕೊಡುತ್ತಾರೆ. ಆಮೇಲೆ ಅದನ್ನು ಯಾರೂ ತುಳಿಯದ ಜಾಗದಲ್ಲಿ ಹೂಳುತ್ತೇವೆ. ಮದುವೆ ಕರೆಯೋಲೆಯ ಮೇಲೆ ಬಿಸ್ಮಿಲ್ಲಾಹ್ ಇದ್ದರೆ ಅದು ಕಾಲಡಿಗೆ ಬೀಳಬಾರದೆಂದು ತಾಯಂದಿರು ಎತ್ತಿಡುತ್ತಾರೆ. ಇದೇ ಅದಬನ್ನು ನಮಗಿಂತ ಮೊದಲೇ ಗ್ರಂಥ ಪಡೆದ ಯಹೂದಿಗಳೂ ಪಾಲಿಸುತ್ತ ಬಂದಿದ್ದಾರೆ. ಅವರ ಆ ಅದಬಿನಿಂದಾಗಿಯೇ ಸುಮಾರು 900 ವರ್ಷಗಳ ಹಿಂದೆ ಮಂಗಳೂರಿನಲ್ಲಿದ್ದ ಒಂದು ಕುಟುಂಬದ ವಿಷಯ ಇಂದು ನಮಗೆ ತಿಳಿದಿದೆ. ಕೊಳ್ಳೇಗಾಲ, ಹನೂರು, ಯಳಂದೂರಿನ ನಮ್ಮ ಮನೆಗಳಿಗೂ ಅದರಲ್ಲಿ ಒಂದು ಪಾಠವಿದೆ. ಆದ್ದರಿಂದ ಈ ಸಲ ಆ ಇತಿಹಾಸವನ್ನು ಓದುಗರ ಮುಂದಿಡುತ್ತಿದ್ದೇವೆ.

ಗೆನಿಝಾ ಎಂಬ ಕೋಣೆ

ಯಹೂದಿ ಧರ್ಮಶಾಸ್ತ್ರಕ್ಕೆ ಹಲಾಖಾ ಎಂದು ಹೆಸರು. ನಮ್ಮ ಶರೀಅತ್ ಎಂಬ ಪದದಂತೆ ಅದಕ್ಕೂ ನಡೆಯಬೇಕಾದ ದಾರಿ ಎಂಬ ಅರ್ಥವಿದೆ. ದೇವರ ಹೆಸರು ಬರೆದ ಬರಹವನ್ನು ನಾಶ ಮಾಡಬಾರದು ಎಂಬುದು ಆ ಶಾಸ್ತ್ರದ ಒಂದು ನಿಯಮ. ಹಳೆಯ ಬರಹಗಳನ್ನು ಸಿನಗಾಗ್‌ನ, ಅಂದರೆ ಅವರ ಪ್ರಾರ್ಥನಾಲಯದ, ಒಂದು ಕೋಣೆಯಲ್ಲಿ ಕೂಡಿಟ್ಟು ಆಮೇಲೆ ಹೂಳುತ್ತಾರೆ. ಆ ಕೋಣೆಯೇ ಗೆನಿಝಾ. ನಮ್ಮ ಜನಾಝ ಎಂಬ ಪದಕ್ಕೂ ಇದಕ್ಕೂ ನಂಟಿದೆ ಎಂದು ವಿದ್ವಾಂಸರು ಹೇಳುತ್ತಾರೆ.

ಹಝ್ರತ್ ಅಮ್ರ್ ಬಿನ್ ಆಸ್(ರ) ಕಟ್ಟಿಸಿದ ಫುಸ್ತಾತ್ ಇಂದಿನ ಹಳೆ ಕೈರೋದಲ್ಲಿದೆ. ಅಲ್ಲಿನ ಬೆನ್ ಎಝ್ರಾ ಸಿನಗಾಗ್‌ನ ಗೆನಿಝಾದಲ್ಲಿದ್ದ ಕಾಗದಗಳು ನೂರಾರು ವರ್ಷ ಹೂಳದೆ ಹಾಗೆಯೇ ಉಳಿದವು. ಆ ಕಾಲದ ಜನ ಯಾವ ಪತ್ರ ಬರೆದರೂ ದೇವರ ಹೆಸರಿನಿಂದಲೇ ಆರಂಭಿಸುತ್ತಿದ್ದರು. ಹಾಗಾಗಿ ಧರ್ಮಗ್ರಂಥದ ಹಾಳೆಗಳ ಜೊತೆ ವ್ಯಾಪಾರದ ಲೆಕ್ಕ, ಸಾಲಪತ್ರ, ಮದುವೆ ಒಪ್ಪಂದ, ಅಣ್ಣತಮ್ಮಂದಿರ ಕಾಗದ ಎಲ್ಲವೂ ಆ ಕೋಣೆ ಸೇರಿದ್ದವು. 1896-97ರಲ್ಲಿ ಸಾಲೊಮನ್ ಶೆಖ್ಟರ್ ಎಂಬ ವಿದ್ವಾಂಸರು ಸುಮಾರು 1,93,000 ತುಣುಕುಗಳನ್ನು ಕೇಂಬ್ರಿಜ್‌ಗೆ ಒಯ್ದರು. ಮುಂದೆ ಎಸ್. ಡಿ. ಗೊಯ್ಟೈನ್ ತಮ್ಮ ಜೀವನದ ಬಹುಭಾಗವನ್ನು ಇವುಗಳ ಅಧ್ಯಯನಕ್ಕೆ ಮುಡಿಪಿಟ್ಟರು. ಆ ಪತ್ರಗಳಲ್ಲಿ ಬಹಳಷ್ಟು ಹೀಬ್ರೂ ಲಿಪಿಯಲ್ಲಿದ್ದರೂ ಭಾಷೆ ಅರಬ್ಬಿ. ಮಲಯಾಳವನ್ನು ಅರಬ್ಬಿ ಲಿಪಿಯಲ್ಲಿ ಬರೆಯುವ ಅರಬ್ಬಿ-ಮಲಯಾಳದ ಹಾಗೆಯೇ ಇದು.

ಮಂಗಳೂರಿನ ವ್ಯಾಪಾರಿ

ಆ ಕಾಗದಗಳಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯ ಪತ್ರಗಳು ಸಿಕ್ಕಿವೆ. ಅವನ ಹುಟ್ಟೂರು ಇಂದಿನ ಟುನೀಸಿಯಾದ ಮಹ್ದಿಯಾ. ಏಡನ್ ಮಾರ್ಗವಾಗಿ ಬಂದು 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿದ್ದ. ಹೆಚ್ಚುಕಡಿಮೆ 17 ವರ್ಷ ಈ ಕಡೆಯೇ ಇದ್ದ. ಇಲ್ಲಿಂದ ಕರಿಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಹಿತ್ತಾಳೆ ಪಾತ್ರೆಯ ಕಾರ್ಖಾನೆಯನ್ನೂ ನಡೆಸುತ್ತಿದ್ದ. ಏಡನ್‌ನ ಗೆಳೆಯರು ಒಡೆದ ಪಾತ್ರೆಗಳನ್ನು ಕಳಿಸಿ ಹೊಸದಾಗಿ ಎರಕ ಹೊಯ್ಯಿಸಿಕೊಳ್ಳುತ್ತಿದ್ದರು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಕಾಗದ ಬರುತ್ತಿದ್ದವು. ಕಾಗದ ಅಷ್ಟು ದುಬಾರಿಯಾದ್ದರಿಂದ ಬಂದ ಪತ್ರಗಳ ಖಾಲಿ ಜಾಗದಲ್ಲೇ ಅವನು ಲೆಕ್ಕ ಬರೆಯುತ್ತಿದ್ದ.

ಏಡನ್‌ನಲ್ಲಿ ಯಹೂದಿ ವ್ಯಾಪಾರಿಗಳ ಮುಖಂಡ ಮದ್ಮೂನ್, ಅಲ್ಲಿನ ಮುಸ್ಲಿಂ ಅಧಿಕಾರಿ ಬಿಲಾಲ್ ಬಿನ್ ಜರೀರ್ ಜೊತೆ ಪಾಲುಗಾರಿಕೆಯಲ್ಲಿ ಹಡಗು ಹೂಡಿದ್ದ. ಮಂಗಳೂರಿನ ಬನಿಯಾ ವರ್ತಕರನ್ನೂ ಸೇರಿಸಿಕೊಳ್ಳಲು ಬೆನ್ ಯಿಜುವಿಗೆ ಬರೆದಿದ್ದ. ಮೂರು ಧರ್ಮದವರು ಒಬ್ಬರ ಮಾತನ್ನು ಒಬ್ಬರು ನಂಬಿದರು. ಆದರೂ ಎಲ್ಲವನ್ನೂ ಬರೆದಿಟ್ಟರು.

ಬೆನ್ ಯಿಜುವಿನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ಮಾಡುತ್ತಿದ್ದ ಸ್ಥಳೀಯ ಆಳಿನ ಹೆಸರು ಪತ್ರಗಳಲ್ಲಿ ಮೂರೇ ಅಕ್ಷರಗಳಲ್ಲಿದೆ. ಅದನ್ನು ಬೊಮ್ಮ ಎಂದು ಓದಲು ಲೇಖಕ ಅಮಿತಾವ್ ಘೋಷ್ ಅವರಿಗೆ ನೆರವಾದವರು ನಮ್ಮ ಪ್ರೊ. ಬಿ. ಎ. ವಿವೇಕ ರೈ. ಆಳಾಗಿದ್ದ ಈ ಬೊಮ್ಮನನ್ನು ಏಡನ್‌ನ ವ್ಯಾಪಾರಿಯೊಬ್ಬ ಕೊನೆಕೊನೆಗೆ 'ಶೇಖ್' ಎಂದು ಗೌರವದಿಂದ ಕರೆದು ಸಲಾಂ ಹೇಳುತ್ತಾನೆ.

ಆಶುವಿನ ಪತ್ರ

ಎಲ್ಲಕ್ಕಿಂತ ಮುಖ್ಯವಾದದ್ದು 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬರೆದ ಒಂದು ಪತ್ರ. ಅದರಲ್ಲಿ ಬೆನ್ ಯಿಜು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡುತ್ತಾನೆ. ಅವಳು ನಮ್ಮ ಕರಾವಳಿಯ ಹೆಣ್ಣುಮಗಳು. ಅವಳಿಗೆ ಬೆರಾಖಾ ಎಂಬ ಹೀಬ್ರೂ ಹೆಸರು ಬಂತು. ನಮ್ಮ ಬರಕತ್ ಎಂಬ ಪದವೇ ಅದು. ಮುಂದೆ ಅವಳನ್ನೇ ಮದುವೆಯಾದನೆಂದು ವಿದ್ವಾಂಸರ ಅಭಿಪ್ರಾಯ.

ಯಹೂದಿ ಶಾಸ್ತ್ರದಂತೆ ಮಕ್ಕಳ ಸ್ಥಾನ ತಾಯಿಯಿಂದ ಬರುತ್ತದೆ. ತಾಯಿ ದಾಸಿಯಾಗಿದ್ದರೆ ಮಕ್ಕಳೂ ದಾಸರೇ. ನಮ್ಮ ಫಿಕ್ಹ್‌ನಲ್ಲಿ ಹಾಗಲ್ಲ, ಒಡೆಯನಿಂದ ಹುಟ್ಟಿದ ಮಗು ಸ್ವತಂತ್ರ. ಆದರೆ ಆಶುವಿನ ಮಕ್ಕಳ ಮಟ್ಟಿಗೆ ಆ ಊರು, ಆ ತಾರೀಖು, ಆ ಒಂದು ಹಾಳೆಯೇ ಎಲ್ಲ. ಅದಿಲ್ಲದಿದ್ದರೆ ಅವರು ಯಾರಿಗೆ ಏನೆಂದು ಉತ್ತರಿಸಬೇಕಿತ್ತು? ಹಝ್ರತ್ ಸಫಿಯ್ಯಾ(ರ) ಯಹೂದಿ ಮನೆತನದವರು. ಪ್ರವಾದಿವರ್ಯರು(ಸ) ಅವರನ್ನು ಬಿಡುಗಡೆ ಮಾಡಿ ವರಿಸಿದರು, ಆ ಬಿಡುಗಡೆಯೇ ಅವರ ಮಹರ್ ಆಯಿತು ಎಂಬುದನ್ನು ನಾವು ಹದೀಸಿನಲ್ಲಿ ಓದಿದ್ದೇವೆ.

1149ರಲ್ಲಿ ಬೆನ್ ಯಿಜು ಮಕ್ಕಳೊಂದಿಗೆ ಏಡನ್‌ಗೆ ಮರಳಿದ. ಇಬ್ಬರು ಗಂಡುಮಕ್ಕಳು ತೀರಿಹೋದರು, ಉಳಿದವಳು ಮಗಳು ಸಿತ್ತ್ ಅಲ್ ದಾರ್. 1156ರಲ್ಲಿ ಫುಸ್ತಾತ್‌ನಲ್ಲಿ ಅವಳನ್ನು ತನ್ನ ಸೋದರನ ಮಗ ಪೆರಹ್ಯಾನಿಗೆ ಕೊಟ್ಟು ಮದುವೆ ಮಾಡಿದ. ಆಗ ಅವಳಿಗೆ ಕೊಟ್ಟ ಒಡವೆ ವಸ್ತ್ರಗಳ ಪಟ್ಟಿಯೂ ಗೆನಿಝಾದಲ್ಲಿ ಸಿಕ್ಕಿದೆ.

ನಮ್ಮ ಪೆಟ್ಟಿಗೆಯಲ್ಲಿ ಏನಿದೆ?

ಕುರ್‌ಆನಿನ ಅತ್ಯಂತ ಉದ್ದದ ಆಯತ್ ಯಾವುದರ ಬಗ್ಗೆ? ನಮಾಝ್ ಬಗ್ಗೆಯಲ್ಲ, ಉಪವಾಸದ ಬಗ್ಗೆಯಲ್ಲ. ಸಾಲವನ್ನು ಬರೆದಿಡುವ ಬಗ್ಗೆ (ಅಲ್ ಬಕರ 282). ಚಿಕ್ಕದಿರಲಿ ದೊಡ್ಡದಿರಲಿ, ಅವಧಿ ಸಹಿತ ಬರೆಯಲು, ಸಾಕ್ಷಿ ಹಾಕಿಸಲು ಅಲ್ಲಾಹನು ಅದರಲ್ಲಿ ಹೇಳಿದ್ದಾನೆ. ಬರಹವನ್ನು ಗೌರವಿಸುವುದನ್ನು ನಾವು ಕಲಿತಿದ್ದೇವೆ. ಬರೆಯುವುದನ್ನು ಮಾತ್ರ ಬಿಟ್ಟುಬಿಟ್ಟಿದ್ದೇವೆ.

ಗಂಡ ತೀರಿಕೊಂಡ ಸೋದರಿ ವಿಧವಾ ವೇತನಕ್ಕೋ ಆಸ್ತಿಯ ಪಾಲಿಗೋ ಓಡಾಡುವಾಗ ನಿಕಾಹ್‌ನಾಮ ಕೇಳುತ್ತಾರೆ. ಎಷ್ಟೋ ಮನೆಗಳಲ್ಲಿ ಅದಿಲ್ಲ. ಇದ್ದರೂ ಅದರಲ್ಲೊಂದು ಹೆಸರು, ಆಧಾರ್‌ನಲ್ಲೊಂದು ಹೆಸರು. ಮಹರ್ ಎಷ್ಟೆಂದು ಕೇಳಿದರೆ ಹಿರಿಯರಿಗೆ ಗೊತ್ತಿತ್ತು, ಅವರೂ ಹೋದರು ಎನ್ನುತ್ತಾರೆ. ಮಗ್ಗಕ್ಕೆ, ಅಂಗಡಿಗೆ ಅಣ್ಣ ತಮ್ಮನಿಗೆ ಕೊಟ್ಟ ಹಣ ಬಾಯಿಮಾತಿನಲ್ಲೇ ಉಳಿದು ಕೊನೆಗೆ ಮಾತೇ ಬಿಟ್ಟುಹೋಗುತ್ತದೆ. 'ನಮ್ಮವರ ಮಧ್ಯೆ ಕಾಗದ ಯಾಕೆ?' ಎಂದು ಕೇಳುವವರಿಗೆ ಆ ಆಯತೇ ಉತ್ತರ.

ನಮ್ಮ ಸೀಮೆಗೆ ಇನ್ನೊಂದು ತೊಡಕೂ ಇದೆ. ಹನೂರು ಸೇರಿದಂತೆ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಯಳಂದೂರು ಮೈಸೂರು ಸಂಸ್ಥಾನದಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಗಿತ್ತು. ಹೆಣ್ಣು ಕೊಟ್ಟು ತಂದುಕೊಂಡ ಒಂದೇ ಕುಟುಂಬದ ಹಳೆಯ ಪತ್ರಗಳು ಎರಡು ಸರಕಾರಗಳಲ್ಲಿ, ಬೇರೆ ಬೇರೆ ಭಾಷೆಗಳಲ್ಲಿ ಇರಬಹುದು. ಓದಲು ಬಾರದು ಎಂದು ಅವುಗಳನ್ನು ಒಲೆಗೆ ಹಾಕಬೇಡಿ. ಮಸೀದಿಯ, ಖಬರಸ್ತಾನದ ವಕ್ಫ್ ಪತ್ರಗಳಿಗೂ ಇದೇ ಮಾತು.

ಆದ್ದರಿಂದ ಮೂರು ಕೆಲಸ ಮಾಡೋಣ. ನಿಕಾಹ್ ದಿನವೇ ಹೆಸರು, ತಾರೀಖು, ಮಹರ್, ಸಾಕ್ಷಿಗಳನ್ನು ಸರಿಯಾಗಿ ಬರೆಸಿ ಒಂದು ಪ್ರತಿಯನ್ನು ಹುಡುಗಿಯ ಕೈಗೇ ಕೊಡೋಣ. ಮನೆಯೊಳಗಿನ ಸಾಲವನ್ನೂ ಇಬ್ಬರು ಸಾಕ್ಷಿಗಳ ಮುಂದೆ ಬರೆಯೋಣ. ಹಳೆಯ ಪತ್ರಗಳ ಫೋಟೋ ತೆಗೆದು, ಮೂಲವನ್ನು ಒಣ ಜಾಗದಲ್ಲಿ ಇಡೋಣ.

ನ್ಯಾಯದ ಮಾತು

ಫಲಸ್ತೀನಿನ ಸುದ್ದಿ ಕೇಳಿದಾಗ ನಮ್ಮ ಹೃದಯ ನೋಯುತ್ತದೆ. ಅನ್ಯಾಯವನ್ನು ಅನ್ಯಾಯವೆಂದೇ ಹೇಳಬೇಕು. ಆದರೆ ಒಂದು ಸರಕಾರದ ಕೃತ್ಯಕ್ಕಾಗಿ ಯಹೂದಿ ಎಂಬ ಪದವನ್ನೇ ಮಕ್ಕಳ ಬಾಯಲ್ಲಿ ಬೈಗುಳ ಮಾಡುವುದು ದೀನ್ ಅಲ್ಲ. ಒಂದು ಜನರ ಮೇಲಿನ ದ್ವೇಷ ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬುದು ಕುರ್‌ಆನಿನ ಆದೇಶ (ಅಲ್ ಮಾಇದ 8). ಯಹೂದಿಯೊಬ್ಬರ ಜನಾಝ ಹಾದುಹೋದಾಗ ಪ್ರವಾದಿವರ್ಯರು(ಸ) ಎದ್ದು ನಿಂತರು. ಅದೂ ಒಂದು ಜೀವವಲ್ಲವೇ ಎಂದು ಸಂಗಾತಿಗಳಿಗೆ ತಿಳಿಹೇಳಿದರು.

ಯಾರದೋ ಹಕ್ಕು ನಮ್ಮ ಮರೆವಿನಿಂದ ಅಳಿಯದಂತೆ ಬರೆದಿಡುವ, ಬರೆದುದಕ್ಕೆ ನಿಷ್ಠರಾಗಿರುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.