ಬಾಂದು ಕಲ್ಲಿನ ಲೆಕ್ಕ: ಬಳ್ಳಾರಿ ಸೀಮೆಯ ಭೂಮಾಪನದ ಕಥೆ

ನಿಮ್ಮ ಹೊಲದ ಬದುವಿನ ಮೇಲೆ ಒಂದು ಬೇವಿನ ಮರವಿದೆ ಎಂದು ಭಾವಿಸಿ. ನಿಮ್ಮ ತಂದೆ ಅದನ್ನು ತಮ್ಮದೆಂದು ತಿಳಿದಿದ್ದಾರೆ. ಪಕ್ಕದ ಹೊಲದವರೂ ಹಾಗೆಯೇ ತಿಳಿದಿದ್ದಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮರ ಯಾರದು ಎಂದು ತಿಳಿಯಬೇಕಾದರೆ ಗಡಿ ಎಲ್ಲಿ ಹಾದುಹೋಗುತ್ತದೆ ಎಂದು ಮೊದಲು ತಿಳಿಯಬೇಕು. ಅಂದರೆ ಇದು ನ್ಯಾಯದ ಪ್ರಶ್ನೆಯಾಗುವ ಮೊದಲು ಅಳತೆಯ ಪ್ರಶ್ನೆ.

ಗಡಿಗೆ ಕಲ್ಲು ನೆಡುವುದು ನಮ್ಮಲ್ಲಿ ಹಳೆಯ ಪದ್ಧತಿ. ದಾನಶಾಸನಗಳಲ್ಲಿ ಭೂಮಿಯ ಎಲ್ಲೆಯನ್ನು ದಿಕ್ಕುಗಳ ಮೂಲಕ, ಹಳ್ಳ, ಮರ, ಹುತ್ತ, ಕಲ್ಲುಗಳ ಗುರುತಿನಿಂದ ಹೇಳಿರುವುದನ್ನು ನೀವು ಓದಿರಬಹುದು. ಲಿಂಗಮುದ್ರೆ ಕಲ್ಲು, ವಾಮನಮುದ್ರೆ ಕಲ್ಲುಗಳು ಈ ಬಗೆಯವು. ಆದರೆ ಮರ ಒಣಗುತ್ತದೆ, ಹಳ್ಳ ದಾರಿ ಬದಲಿಸುತ್ತದೆ. ಗುರುತು ಅಳಿದರೂ ಗಡಿಯನ್ನು ಮತ್ತೆ ಕಂಡುಹಿಡಿಯಲು ಅಂಕಿಗಳು ಬೇಕು.

ಬಳ್ಳಾರಿ ಸೀಮೆಯಲ್ಲಿ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದದ್ದು 19ನೇ ಶತಮಾನದ ಆರಂಭದಲ್ಲಿ. 1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ, ಅನಂತಪುರ, ಕಡಪ ಮೊದಲಾದ ಪ್ರದೇಶಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಇವುಗಳ ಮುಖ್ಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದನು. ಜಮೀನುದಾರನ ಬದಲು ಪ್ರತಿಯೊಬ್ಬ ರೈತನಿಂದಲೇ ಕಂದಾಯ ಪಡೆಯುವ ರೈತವಾರಿ ಪದ್ಧತಿಗೆ ಪ್ರತಿಯೊಂದು ಹೊಲದ ಅಳತೆಯೂ ಬೇಕಾಯಿತು. ಅಳತೆಗೆ ಬಳಸಿದ್ದು 33 ಅಡಿಯ ಸರಪಳಿ.

33 ಅಡಿಯೇ ಏಕೆ? ಇಂಗ್ಲೆಂಡಿನ ಎಡ್ಮಂಡ್ ಗಂಟರ್ 17ನೇ ಶತಮಾನದಲ್ಲಿ ರೂಪಿಸಿದ ಸರಪಳಿ 66 ಅಡಿ ಉದ್ದದ್ದು. 33 ಅಡಿ ಅದರ ಅರ್ಧ. 33 ಅಡಿ ಬಾಹುವಿನ ಚೌಕದ ವಿಸ್ತೀರ್ಣ 1,089 ಚದರ ಅಡಿ. ಇಂತಹ 40 ಚೌಕಗಳು ಸೇರಿದರೆ 43,560 ಚದರ ಅಡಿ, ಅಂದರೆ ಸರಿಯಾಗಿ ಒಂದು ಎಕರೆ. ನಾವು ಇಂದಿಗೂ ಹೇಳುವ ‘ಗುಂಟೆ’ ಇದೇ ಚೌಕ.

ಈಗ ಒಂದು ಲೆಕ್ಕ ಮಾಡಿ. ಬಳ್ಳಾರಿಯ ಬಿಸಿಲಿಗೆ ಕಬ್ಬಿಣದ ಸರಪಳಿ ಹಿಗ್ಗುವುದಿಲ್ಲವೇ? ಹಿಗ್ಗುತ್ತದೆ. ಆದರೆ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಏರಿದರೂ 33 ಅಡಿಯ ಸರಪಳಿ ಹಿಗ್ಗುವುದು ಸುಮಾರು 3.6 ಮಿಲಿಮೀಟರ್ ಮಾತ್ರ. ನಿಜವಾದ ತೊಂದರೆ ಸವೆದ ಕೊಂಡಿಗಳದು. ಕೊಂಡಿಗಳು ಸವೆದು, ಎಳೆತಕ್ಕೆ ಬಾಗಿ ಸರಪಳಿ 3 ಅಂಗುಲ ಉದ್ದವಾಯಿತೆನ್ನಿ. ಉದ್ದದಲ್ಲಿ ದೋಷ ಶೇಕಡ 0.76; ವಿಸ್ತೀರ್ಣದಲ್ಲಿ ಅದು ಸುಮಾರು ಇಮ್ಮಡಿ. ಆಗ 10 ಎಕರೆಯ ಹೊಲ ಕಾಗದದಲ್ಲಿ ಸುಮಾರು 6 ಗುಂಟೆ ಕಡಿಮೆಯಾಗಿ ಕಾಣುತ್ತದೆ! ಯಾರೂ ಕದಿಯಲಿಲ್ಲ, ಆದರೂ ನೆಲ ‘ಕಳೆದುಹೋಯಿತು’.

ಮುಂದೆ ಮದ್ರಾಸ್ ಸರ್ಕಾರವು ಗಡಿಗುರುತುಗಳ ರಕ್ಷಣೆಗಾಗಿ 1860ರಲ್ಲಿ ಒಂದು ಕಾಯ್ದೆಯನ್ನೂ 1923ರಲ್ಲಿ ಸರ್ವೆ ಮತ್ತು ಗಡಿಗಳ ಕಾಯ್ದೆಯನ್ನೂ ತಂದಿತು. ಹೊಲದೊಳಗೆ ಒಂದು ಆಧಾರರೇಖೆಯನ್ನು ಎಳೆದು, ಅದರಿಂದ ಮೂಲೆಗಳಿಗೆ ಲಂಬದೂರಗಳನ್ನು ಅಳೆದು, ಹೊಲವನ್ನು ತ್ರಿಭುಜ ಮತ್ತು ತ್ರಾಪಿಜ್ಯಗಳಾಗಿ ಒಡೆದು ವಿಸ್ತೀರ್ಣ ಕಟ್ಟುವ ಕ್ರಮ ಬೆಳೆಯಿತು. ಈ ಅಂಕಿಗಳಿದ್ದರೆ ಕಿತ್ತುಹೋದ ಬಾಂದು ಕಲ್ಲಿನ ಸ್ಥಾನವನ್ನು ಉಳಿದ ಕಲ್ಲುಗಳಿಂದ ಮತ್ತೆ ಗುರುತಿಸಬಹುದು.

1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ಮುಂತಾದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ಕಡೆಗೆ ಮದ್ರಾಸಿನ ‘ಸೆಂಟ್’ ಲೆಕ್ಕ ಉಳಿದುಕೊಂಡಿತು. ಎಕರೆಗೆ 100 ಸೆಂಟ್, ಆದರೆ 40 ಗುಂಟೆ. ಹಳೆಯ ಪತ್ರದಲ್ಲಿ ‘2–20’ ಎಂದಿದ್ದರೆ ಏನು ಅರ್ಥ? ಗುಂಟೆಯಾದರೆ ಎರಡೂವರೆ ಎಕರೆ. ಸೆಂಟ್ ಆದರೆ 2.2 ಎಕರೆ. ಎರಡಕ್ಕೂ ನಡುವೆ 12 ಗುಂಟೆ ವ್ಯತ್ಯಾಸ. ಮಳೆಯನ್ನೇ ನಂಬಿದ್ದ ಎರೆಹೊಲದಲ್ಲಿ ಇದನ್ನು ಯಾರೂ ಗಮನಿಸದೆ ಬಿಡಬಹುದಿತ್ತು. ತುಂಗಭದ್ರಾ ಕಾಲುವೆಯ ನೀರು ಬಂದು ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಭತ್ತದ ಗದ್ದೆಗಳಾದ ಮೇಲೆ ಪ್ರತಿ ಗುಂಟೆಗೂ ಬೆಲೆ ಬಂದಿತು.

ಗಡಿ ಮಸುಕಾದರೆ ಎಷ್ಟು ಹಾನಿಯಾಗಬಲ್ಲದು ಎಂಬುದನ್ನು ಬಳ್ಳಾರಿಯ ಗಣಿಗಳೇ ತೋರಿಸಿದವು. ಸುಪ್ರೀಂ ಕೋರ್ಟಿನ ಆದೇಶದಂತೆ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ 166 ಗಣಿ ಗುತ್ತಿಗೆಗಳ ಗಡಿಗಳನ್ನು ಆಧುನಿಕ ಉಪಕರಣಗಳಿಂದ ಮತ್ತೆ ಅಳೆಯಲಾಯಿತು. ಒತ್ತುವರಿಯ ಪ್ರಮಾಣಕ್ಕೆ ತಕ್ಕಂತೆ ಅವುಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, 2013ರ ಏಪ್ರಿಲ್ 18ರ ತೀರ್ಪಿನಲ್ಲಿ ‘ಸಿ’ ವರ್ಗದ 49 ಗುತ್ತಿಗೆಗಳನ್ನು ರದ್ದುಪಡಿಸಲಾಯಿತು. ಆಂಧ್ರದ ಅಂಚಿನ 7 ಗುತ್ತಿಗೆಗಳನ್ನು ರಾಜ್ಯಗಳ ಗಡಿ ತೀರ್ಮಾನವಾಗುವ ತನಕ ಬೇರೆಯಾಗಿಯೇ ಇಡಬೇಕಾಯಿತು.

ಗಡಿ ಸ್ಪಷ್ಟವಾದರೂ ನಿಮ್ಮ ಹೊಲದಲ್ಲಿರುವುದೆಲ್ಲ ನಿಮ್ಮದೇ? ಅಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಖನಿಜಗಳ ಹಕ್ಕು ರಾಜ್ಯ ಸರ್ಕಾರದ್ದು. ಖಾಸಗಿ ಜಮೀನಿನ ಶ್ರೀಗಂಧವು 2001ರ ತಿದ್ದುಪಡಿಯ ನಂತರ ಜಮೀನಿನ ಒಡೆಯನದಾಯಿತು. ಕಡಿಯಲು, ಸಾಗಿಸಲು ನಿಯಮಗಳಿವೆ. ನಿಧಿಯ ವಿಷಯದಲ್ಲಿ ಆಗಿನ ಮದ್ರಾಸ್ ಪ್ರಾಂತಕ್ಕೂ ಅನ್ವಯಿಸಿದ 1878ರ ಕಾಯ್ದೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕೆಂದಿತು. ಹೂತಿಟ್ಟವರ ಹಕ್ಕುದಾರರು ಇಲ್ಲವೆಂದಾದರೆ ಮತ್ತು ಬೇರೆ ಒಪ್ಪಂದವಿಲ್ಲದಿದ್ದರೆ ಸಿಕ್ಕವನಿಗೆ ಮುಕ್ಕಾಲು, ನೆಲದ ಒಡೆಯನಿಗೆ ಕಾಲು ಭಾಗ. ಸರ್ಕಾರ ಬೆಲೆ ಕೊಟ್ಟು ಅದನ್ನು ಕೊಳ್ಳಲೂಬಹುದಿತ್ತು.

ಹಾಗಾದರೆ ಬೇವಿನ ಮರಕ್ಕೇನು ಪರಿಹಾರ? ಕೊಡಲಿ ಹಿಡಿಯುವ ಮೊದಲು ಪಹಣಿಯನ್ನೂ ನಕ್ಷೆಯನ್ನೂ ನೋಡಿ. 2000ದಿಂದ ‘ಭೂಮಿ’ ಯೋಜನೆಯಲ್ಲಿ ಪಹಣಿ ಗಣಕಯಂತ್ರಕ್ಕೆ ಏರಿದೆ. ಆದರೆ ಪಹಣಿ ಹೇಳುವುದು ಹೆಸರು ಮತ್ತು ವಿಸ್ತೀರ್ಣವನ್ನು. ಗಡಿ ಎಲ್ಲಿದೆ ಎಂಬುದನ್ನಲ್ಲ. ಅದಕ್ಕೆ ಹದ್ದುಬಸ್ತು ಅಳತೆಗೆ ಅರ್ಜಿ ಕೊಡಬೇಕು. ಅಳೆಯುವಾಗ ಎರಡೂ ಕಡೆಯವರು ಇರಬೇಕು. ತಡಮಾಡುವುದೂ ಸರಿಯಲ್ಲ: 1963ರ ಕಾಲಮಿತಿ ಕಾಯ್ದೆಯಂತೆ ಇನ್ನೊಬ್ಬರು ಬಹಿರಂಗವಾಗಿ, ನಿಮ್ಮ ಹಕ್ಕಿಗೆ ವಿರುದ್ಧವಾಗಿ, ಎಡೆಬಿಡದೆ 12 ವರ್ಷ ಅನುಭವಿಸಿದ ನೆಲವನ್ನು ಮರಳಿ ಪಡೆಯುವ ದಾವೆಯ ಹಕ್ಕು ಕಳೆದುಹೋಗಬಹುದು.

ಶಿಕ್ಷಕರೇ, ಶಾಲೆಯ ಮೈದಾನದಲ್ಲಿ 33 ಅಡಿಯ ಹಗ್ಗದಿಂದ ಒಂದು ಗುಂಟೆಯನ್ನು ಗುರುತಿಸಿ. ಬಳಿಕ ಹಗ್ಗವನ್ನು 3 ಅಂಗುಲ ಉದ್ದ ಮಾಡಿ ಮತ್ತೆ ಗುರುತಿಸಿ, ಎರಡು ಚೌಕಗಳನ್ನು ಹೋಲಿಸಲು ಹೇಳಿ. ಬಾಂದು ಕಲ್ಲನ್ನು ಸರಿಸುವುದು ಶಿಕ್ಷಾರ್ಹ ಅಪರಾಧ ಏಕೆಂದು ಮಕ್ಕಳಿಗೆ ಆಗ ಬೇರೆ ಪಾಠ ಬೇಕಾಗುವುದಿಲ್ಲ.